ಹಳೇ ಟ್ರ್ಯಾಕ್ಟರ್‌ಗೆ ಎಳೆಯುವ ಕಸುವು ತುಂಬುವುದು ಹೇಗೆ?

ಪ್ರಶ್ನೆ: ನನ್ನ ಹತ್ತಿರ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ 1948ರ ಫಾರ್ಮಾಲ್ ಎಂ ಟ್ರ್ಯಾಕ್ಟರ್ ಇದೆ. ಸ್ಲೆಡ್ ಅನ್ನುವ ಭಾರದ ಗಾಡಿಯನ್ನು ಎಷ್ಟು ದೂರ ಎಳೆಯುತ್ತದೆ ಅಂತ ನೋಡುವ ಸ್ಪರ್ಧೆಗೆ ಇಳಿಸುತ್ತಿದ್ದೇನೆ. ಅರ್ಧ ದಾರಿ ದಾಟುತ್ತಿದ್ದಂತೆ ಇಂಜಿನ್ ಕುಸಿದುಬಿಡುತ್ತದೆ. ಹೆಡ್ ಫೇಸಿಂಗ್ ಮಾಡಿಸಿ (ಸಿಲಿಂಡರ್ ಮುಚ್ಚಳದ ತಳ ಸವೆಸಿ) ಕಂಪ್ರೆಶನ್, ಅಂದರೆ ಒಳಗಿನ ಮಿಶ್ರಣವನ್ನು ಒತ್ತುವ ಪ್ರಮಾಣ ಏರಿಸು, ವೇಗ ಹಿಡಿದಿಡುವ ಗವರ್ನರ್ ಬಿಗಿ ಮಾಡಿ ಆರ್‌ಪಿಎಂ ಜಾಸ್ತಿ ಮಾಡು ಅಂತ ಗೆಳೆಯರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೆಡ್‌ಗೆ ಈಗಲೇ ಸ್ಪ್ಯಾನರ್ ಹಾಕಬೇಡಿ. ಮೊದಲು ಸ್ಲೆಡ್ ಏನು ಮಾಡುತ್ತದೆ ನೋಡಿ. ಹೊರಡುವಾಗ ಭಾರದ ಪೆಟ್ಟಿಗೆ ಸ್ಲೆಡ್‌ನ ಹಿಂದಿನ ಚಕ್ರಗಳ ಮೇಲೆ ಕೂತಿರುತ್ತದೆ. ನೀವು ಮುಂದೆ ಹೋದಂತೆ ಅದೂ ಮುಂದೆ ಸರಿದು, ನೆಲಕ್ಕೆ ಉಜ್ಜುವ ತಟ್ಟೆಯ ಮೇಲೆ ಭಾರ ಹಾಕುತ್ತದೆ. ಅಂದರೆ ಕೊನೆಯ ಅಡಿಗಳಲ್ಲಿ ನಿಮ್ಮ ಇಂಜಿನ್ ಆರ್‌ಪಿಎಂ ಕಳೆದುಕೊಳ್ಳುತ್ತಲೇ ದುಡಿಯಬೇಕು. ಆಗ ಬೇಕಾಗುವುದು ಕಡಿಮೆ ವೇಗದಲ್ಲೂ ತಿರುಗಿಸುವ ಬಲ, ಅಂದರೆ ಟಾರ್ಕ್. ಅದು ಬರುವುದು ಸಿಲಿಂಡರ್ ಚೆನ್ನಾಗಿ ತುಂಬಿ, ತುಂಬಿದ್ದು ಸೋರದಿದ್ದಾಗ.

ಹಾಗಾಗಿ ಮೊದಲ ಕೆಲಸ, ಇರುವ ಶಕ್ತಿ ಎಲ್ಲಿ ಸೋರುತ್ತಿದೆ ಅಂತ ಹುಡುಕುವುದು. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಗೇಜ್ ಹಾಕಿ. ನಾಲ್ಕರ ನಡುವೆ 10 ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ಹೆಚ್ಚಾಗಿ ವಾಲ್ವ್ ಕೂರುತ್ತಿಲ್ಲ. ವಾಲ್ವ್ ಮತ್ತು ಸೀಟನ್ನು ಸರಿಯಾಗಿ ಕೂರಿಸುವುದರಿಂದಲೇ ಎಷ್ಟೋ ಹಳೇ ಇಂಜಿನ್‌ಗಳಿಗೆ ಮತ್ತೆ ಜೀವ ಬಂದಿದ್ದನ್ನು ನೋಡಿದ್ದೇನೆ.

ಆಮೇಲೆ ಗವರ್ನರ್‌ನಿಂದ ಕಾರ್ಬ್ಯುರೇಟರ್‌ಗೆ ಹೋಗುವ ಕಡ್ಡಿ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಇಂಜಿನ್ ನಿಲ್ಲಿಸಿ, ಥ್ರಾಟಲ್ ಲಿವರ್ ಪೂರ್ತಿ ಎಳೆದಿಡಿ. ಗವರ್ನರ್ ಸ್ಪ್ರಿಂಗ್ ಕಾರ್ಬ್ಯುರೇಟರ್ ತೋಳನ್ನು ಅದರ ತಡೆಗೆ ತಾಗುವವರೆಗೆ ತಳ್ಳಿರಬೇಕು. ಕೈಯಿಂದ ಒತ್ತಿ ನೋಡಿ. ಇನ್ನೂ ಒಂದು ಕೂದಲೆಳೆ ಮುಂದೆ ಹೋಯಿತು ಅಂದರೆ, ಸ್ಲೆಡ್ ಭಾರ ಆದಾಗ ನಿಮ್ಮ ಇಂಜಿನ್‌ಗೆ ಪೂರ್ತಿ ಉಸಿರು ಸಿಗುತ್ತಿಲ್ಲ. ಸವೆದ ಪಿನ್ನು, ಅಗಲ ಆದ ತೂತು ಸರಿ ಮಾಡಿ, ಕಡ್ಡಿಯ ಉದ್ದ ಹೊಂದಿಸಿ. ಖರ್ಚೇ ಇಲ್ಲದ ಶಕ್ತಿ ಇದು.

ಸಿಲಿಂಡರ್‌ಗಳಿಗೆ ಮಿಶ್ರಣ ಒಯ್ಯುವ ಕೊಳವೆ, ಮ್ಯಾನಿಫೋಲ್ಡ್ ಕೂಡ ನೋಡಿ. ಆ ಕಾಲದ ಎಷ್ಟೋ ಟ್ರ್ಯಾಕ್ಟರ್‌ಗಳು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಂಥ ಅಗ್ಗದ ಎಣ್ಣೆಯಲ್ಲಿ ಓಡುತ್ತಿದ್ದವು. ಆ ಎಣ್ಣೆ ಆವಿಯಾಗಲಿ ಅಂತ ಒಳಹೋಗುವ ಮಿಶ್ರಣವನ್ನು ಎಕ್ಸಾಸ್ಟ್ ಶಾಖದಿಂದ ಕಾಯಿಸುತ್ತಿದ್ದರು. ಈಗ ನೀವು ಬರೀ ಪೆಟ್ರೋಲ್ ಹಾಕುತ್ತಿದ್ದರೆ ಆ ಕಾಯಿಸುವಿಕೆ ನಷ್ಟವೇ. ಬಿಸಿ ಮಿಶ್ರಣ ಹಿಗ್ಗಿರುತ್ತದೆ, ಸಿಲಿಂಡರ್‌ಗೆ ಕಡಿಮೆ ಹೋಗುತ್ತದೆ. ಶಾಖದ ಬಾಗಿಲು ಇದ್ದರೆ ತಣ್ಣಗಿನ ಕಡೆಗೆ ತಿರುಗಿಸಿ. ಇಲ್ಲವೇ ಪೆಟ್ರೋಲ್ ಮ್ಯಾನಿಫೋಲ್ಡ್ ಹಾಕಿ.

ಇಷ್ಟು ಆದ ಮೇಲೆ ಕಂಪ್ರೆಶನ್ ಮಾತು. ನಿಮ್ಮ ಇಂಜಿನ್ ಸುಮಾರು 248 ಘನ ಇಂಚು. ಒಂದು ಸಿಲಿಂಡರ್‌ಗೆ ಹತ್ತಿರ ಹತ್ತಿರ 1015 ಸಿಸಿ. ಕಂಪ್ರೆಶನ್ 5.5ಕ್ಕೆ 1 ಅಂತ ಇಟ್ಟುಕೊಂಡರೆ ಪಿಸ್ಟನ್ ಮೇಲೆ ಉಳಿಯುವ ಜಾಗ 225 ಸಿಸಿ. ಅದನ್ನು 7ಕ್ಕೆ 1 ಮಾಡಲು 169 ಸಿಸಿಗೆ ಇಳಿಸಬೇಕು. 56 ಸಿಸಿ ತೆಗೆಯಬೇಕು ಅಂದಂಗಾಯ್ತು. ಚೇಂಬರ್ ಬಾಯಿ ಬೋರಿನಷ್ಟೇ (ಸಿಲಿಂಡರ್ ಒಳ ವ್ಯಾಸದಷ್ಟೇ) ಅಗಲ ಇದ್ದರೆ ಹೆಡ್‌ನಿಂದ 1 ಮಿ.ಮೀ. ಸವೆಸಿದಾಗ ಕಡಿಮೆಯಾಗುವುದು ಬರೀ 7.6 ಸಿಸಿ. 7 ಮಿ.ಮೀ.ಗಿಂತ ಹೆಚ್ಚು ಕೊರೆದರೆ ಹೆಡ್‌ನಲ್ಲಿ ಏನು ಉಳಿಯುತ್ತದೆ? ಅದಕ್ಕೇ ನಾನು ಹೇಳುವುದು, ಕಂಪ್ರೆಶನ್ ಏರಿಸುವುದು ಪಿಸ್ಟನ್ ಕೆಲಸ. ಫೇಸಿಂಗ್ ಏನಿದ್ದರೂ ಹೆಡ್ ಸಮ ಮಾಡುವುದಕ್ಕೆ. ಎತ್ತರದ ಊರುಗಳ ತೆಳು ಗಾಳಿಗಾಗಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯೇ ಹೆಚ್ಚು ಕಂಪ್ರೆಶನ್ ಪಿಸ್ಟನ್‌ಗಳನ್ನು ಮಾರುತ್ತಿತ್ತು. ತಲೆ ಉಬ್ಬಿದ ಪಿಸ್ಟನ್‌ಗಳು ಈಗಲೂ ಸಿಗುತ್ತವೆ. 5.5ರಿಂದ 7ಕ್ಕೆ ಹೋದರೆ ಲೆಕ್ಕದ ಪ್ರಕಾರ ಸುಮಾರು 9 ಶೇಕಡಾ ಲಾಭ.

ಹೇಗೂ ಪಿಸ್ಟನ್ ಬದಲಿಸುತ್ತೀರಿ ಅಲ್ವಾ? 4 ಇಂಚಿನ ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಮತ್ತು ಪಿಸ್ಟನ್ ಹಾಕಿಸಿ. ನಿಮ್ಮ ಬೋರ್ 3⅞ ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 5¼ ಇಂಚು. ಬೋರ್ 4 ಇಂಚು ಆದರೆ ಇಂಜಿನ್ 264 ಘನ ಇಂಚು ಆಗುತ್ತದೆ. ಇದೇ ಕಂಪನಿಯ ಸೂಪರ್ ಎಂ ಮಾಡೆಲ್‌ನ ಅಳತೆಯೂ ಇದೇ. ಆದರೆ ಸ್ಪರ್ಧೆಯಲ್ಲಿ ನೀವು ಇಳಿಯುವ ಕ್ಲಾಸ್‌ನ (ವಿಭಾಗದ) ನಿಯಮ ಇದಕ್ಕೆ ಒಪ್ಪುತ್ತದಾ ಅಂತ ಮೊದಲು ಓದಿ.

ಹೊಸ ಪಿಸ್ಟನ್ ಹಾಕಿದ ಮೇಲೆ ಸುಮ್ನೆ ಸ್ಟಾರ್ಟ್ ಮಾಡಬೇಡಿ. ಪಿಸ್ಟನ್ ತಲೆ ಮೇಲೆ ಮಕ್ಕಳು ಆಡುವ ಮೆತ್ತನೆ ಕ್ಲೇ ಅಂಟಿಸಿ, ಹೆಡ್ ಕೂರಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಬಿಚ್ಚಿ, ಬ್ಲೇಡಿನಿಂದ ಕ್ಲೇ ಕೊಯ್ದು ವಾಲ್ವ್ ಗುರುತು ಬಿದ್ದ ಜಾಗದ ದಪ್ಪ ಅಳೆಯಿರಿ. 2 ಮಿ.ಮೀ.ಗಿಂತ ತೆಳ್ಳಗಿದ್ದರೆ ಪಿಸ್ಟನ್‌ಗೆ ವಾಲ್ವ್ ಬಡಿಯುವ ಅಪಾಯ ಇದೆ. ಕಂಪ್ರೆಶನ್ ಏರಿದಾಗ ಮಿಶ್ರಣ ಬೇಗ ಉರಿಯುತ್ತದೆ, ಹಾಗಾಗಿ ಕಿಡಿಯ ಟೈಮಿಂಗ್ ಸ್ವಲ್ಪ ತಡ ಮಾಡಬೇಕಾಗಬಹುದು. ಎಳೆಯುವಾಗ ಇಂಜಿನ್ ನಾಕ್ ಹೊಡೆದರೆ (ಮಿಶ್ರಣ ತಾನಾಗೇ ಸಿಡಿದು ಟಣಟಣ ಸದ್ದು ಬಂದರೆ) ಅಲ್ಲೇ ಥ್ರಾಟಲ್ ಬಿಟ್ಟುಬಿಡಿ. ನಾಕ್ ಹೊಡೆಯುತ್ತಲೇ ಎಳೆದ ಇಂಜಿನ್ ಒಂದನ್ನು ನಾನು ಬಿಚ್ಚಿದ್ದೆ. ಪಿಸ್ಟನ್ ಅಂಚು ಇಲಿ ಕಡಿದ ಹಾಗಿತ್ತು. ಆ ತುಣುಕುಗಳು ರಿಂಗಿನ ಜೊತೆ ಸೇರಿ ಸ್ಲೀವಿಗೆ ಉದ್ದುದ್ದ ಗೀರು ಹಾಕಿದ್ದವು.

ಇನ್ನು ಆರ್‌ಪಿಎಂ. ಇಲ್ಲಿ ನಿಮ್ಮ ಗೆಳೆಯರ ಮಾತು ದಯವಿಟ್ಟು ಕೇಳಬೇಡಿ. ಕಂಪನಿ ಈ ಇಂಜಿನ್‌ಗೆ ಇಟ್ಟ ವೇಗ 1450. ಅದನ್ನು 2000 ಮಾಡಿದರೆ ವೇಗ ಏರುವುದು 38 ಶೇಕಡಾ. ಆದರೆ ಕನೆಕ್ಟಿಂಗ್ ರಾಡ್ ಮೇಲೆ, ಫ್ಲೈವೀಲ್ ಮೇಲೆ ಬೀಳುವ ಎಳೆತ ವೇಗದ ವರ್ಗದಂತೆ ಏರುತ್ತದೆ, ಹೆಚ್ಚುಕಡಿಮೆ ಎರಡು ಪಟ್ಟು. ಆ ಫ್ಲೈವೀಲ್ ಎಪ್ಪತ್ತು ವರ್ಷ ದಾಟಿದ ಎರಕದ ಕಬ್ಬಿಣ. ಎಷ್ಟು ಸಲ ಕ್ಲಚ್ ಬಿಸಿಯಲ್ಲಿ ಬೆಂದಿದೆಯೋ, ಯಾವ ಮೂಲೆಯಲ್ಲಿ ಕೂದಲೆಳೆ ಬಿರುಕು ಬಿಟ್ಟಿದೆಯೋ ಹೊರಗಿನಿಂದ ಕಾಣುವುದಿಲ್ಲ. ಅದು ಸಿಡಿದರೆ ಚೂರುಗಳು ಹಾರುವುದು ನಿಮ್ಮ ಕಾಲುಗಳ ನಡುವೆ. ವೇಗ ಏರಿಸಲೇಬೇಕು ಅಂದರೆ ಮೊದಲು ಉಕ್ಕಿನ ಫ್ಲೈವೀಲ್ ಮತ್ತು ಕ್ಲಚ್ ಸುತ್ತ ಗಟ್ಟಿ ರಕ್ಷಣೆ ಹಾಕಿಸಿ, ಆಮೇಲೆ ಗವರ್ನರ್ ಮುಟ್ಟಿ.

ಪ್ರಶ್ನೆ: ಇಂಜಿನ್ ಬದಲಿಸದೆ ಹೆಚ್ಚು ಆಕ್ಟೇನ್ ಪೆಟ್ರೋಲ್ ಹಾಕಿದರೆ ಶಕ್ತಿ ಬರುತ್ತದಾ?

ಉತ್ತರ: ಇಲ್ಲ. ಆಕ್ಟೇನ್ ನಾಕ್ ತಡೆಯುತ್ತದೆ, ಅಷ್ಟೇ. 5.5 ಕಂಪ್ರೆಶನ್ ಇಂಜಿನ್ ಸಾಮಾನ್ಯ ಪೆಟ್ರೋಲ್‌ನಲ್ಲೇ ನಾಕ್ ಹೊಡೆಯುವುದಿಲ್ಲ. ಆ ದುಡ್ಡನ್ನು ವಾಲ್ವ್ ಕೆಲಸಕ್ಕೆ ಹಾಕಿ.

ಪ್ರಶ್ನೆ: ಇಂಜಿನ್ ರೆಡಿ ಮಾಡಿದ ಮೇಲೆ ಮುಂದಿನ ಚಕ್ರ ಮೇಲೇಳುತ್ತಿದೆ. ಡ್ರಾಬಾರ್ (ಸ್ಲೆಡ್ ಕಟ್ಟುವ ಕೊಂಡಿ) ಇನ್ನೂ ಎತ್ತರಿಸಿದರೆ ಹಿಂದಿನ ಟೈರ್‌ಗೆ ಹಿಡಿತ ಸಿಗುತ್ತದೆ ಅನ್ನುತ್ತಾರೆ, ನಿಜವಾ?

ಉತ್ತರ: ಹಿಡಿತ ಸಿಗುವುದು ನಿಜ. ಕೊಂಡಿ ಎತ್ತರ ಆದಷ್ಟೂ ಮುಂದಿನ ಭಾರ ಹಿಂದಕ್ಕೆ ಬರುತ್ತದೆ. ಆದರೆ ಕೊಂಡಿ ಹಿಂದಿನ ಆಕ್ಸಲ್‌ನ ನಡುವಿಗಿಂತ ಮೇಲೆ ಹೋಯಿತೋ, ಟ್ರ್ಯಾಕ್ಟರ್ ನಿಮ್ಮ ಮೇಲೆ ಮಗುಚಿ ಬೀಳಬಹುದು. ನೀವು ಅರಿತು ಕ್ಲಚ್ ಒತ್ತುವಷ್ಟು ಸಮಯವೂ ಸಿಗುವುದಿಲ್ಲ. ಹಲವು ಕ್ಲಾಸ್‌ಗಳಲ್ಲಿ ಕೊಂಡಿಗೆ 20 ಇಂಚು ಮಿತಿ ಇರುತ್ತದೆ. ಅದಕ್ಕಿಂತ ಒಂದು ಇಂಚು ಕೆಳಗೇ ಇಡಿ, ಮುಂದೆ ತೂಕದ ಬಿಲ್ಲೆ ಸೇರಿಸಿ, ಹಿಂದೆ ಮಗುಚದಂತೆ ತಡೆಯುವ ವೀಲಿ ಬಾರ್ ಹಾಕಿ. ಇಗ್ನಿಷನ್ ಕತ್ತರಿಸುವ ಕಿಲ್ ಸ್ವಿಚ್ ಹಗ್ಗವನ್ನು ಸ್ಲೆಡ್‌ಗೆ ಕಟ್ಟುವ ಮುಂಚೆ, ಇಂಜಿನ್ ಓಡುತ್ತಿರುವಾಗಲೇ ಒಮ್ಮೆ ಎಳೆದು ಇಂಜಿನ್ ನಿಲ್ಲುತ್ತದಾ ಅಂತ ನೋಡಿಕೊಳ್ಳಿ.