ಮುರಕಲ್ಲಿನ ಗೋಡೆಗೆ ಮಣ್ಣಿನ ಬಣ್ಣ

ಪ್ರಶ್ನೆ: ಬ್ರಿಟಿಷ್ ಕಲಾವಿದ ರಿಚರ್ಡ್ ಲಾಂಗ್ ನದಿಯ ಕೆಸರನ್ನು ಕೈಯಿಂದಲೇ ಗೋಡೆಗೆ ಬಳಿದು ಚಿತ್ರ ಮಾಡುತ್ತಾರಂತೆ. ನಮ್ಮ ಹಿತ್ತಿಲಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಕೆಮ್ಮಣ್ಣು ಬಳಿದರೆ ಒಣಗಿ ಉದುರುತ್ತದೆ. ಏನು ಮಾಡಲಿ?
– ಓದುಗರು, ಕುಂಬಳೆ

ಉತ್ತರ: ಲಾಂಗ್ ಅವರ ಕೆಸರುಚಿತ್ರಗಳು ಹೆಚ್ಚಾಗಿ ಗ್ಯಾಲರಿಯ ಒಳಗೋಡೆಯವು, ಮಳೆ ತಾಗುವುದಿಲ್ಲ. ನಿಮ್ಮದಕ್ಕೆ ಅಂಟು ಬೇಕು. ಮೊದಲು ಮಣ್ಣು ತೊಳೆಯಿರಿ: 1 ಪಾಲಿಗೆ 5 ಪಾಲು ನೀರು ಹಾಕಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಮರುದಿನ ತಳದಲ್ಲಿ ಕೂತ ನುಣ್ಣನೆಯ ಗಸಿಯೇ ಬಣ್ಣ. ಅಂಟಿಗೆ, ಕೆನೆ ತೆಗೆದ ಹಾಲನ್ನು ಒಡೆಸಿ ಹಿಂಡಿದ ಗಟ್ಟಿ 5 ಪಾಲು, ಅರಳಿಸಿದ ಸುಣ್ಣದ ಗಸಿ 1 ಪಾಲು. ಕಲಸಿ ಬಿಟ್ಟರೆ ಲೋಳೆಯಾಗುತ್ತದೆ. ನೀರಿನಿಂದ ತೆಳುಮಾಡಿ ಬಣ್ಣ ಬೆರೆಸಿ. ಅದೇ ದಿನ ಮುಗಿಸಿ, ಮರುದಿನಕ್ಕೆ ನಾರುತ್ತದೆ. ಸುಣ್ಣ ಕಣ್ಣಿಗೆ ಹಾರದಿರಲಿ.

ಮುರಕಲ್ಲು ನೀರು ಹೀರುವುದು ಜಾಸ್ತಿ. ಒಣಗೋಡೆಗೆ ಬಳಿದರೆ ಹುಡಿ ಮಾತ್ರ ಮೇಲೆ ಉಳಿಯುತ್ತದೆ. ಪಾಚಿ ಉಜ್ಜಿ, ಗೋಡೆ ನೆನೆಸಿ, ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ದಪ್ಪವಾದರೆ ಬಿರುಕು ಖಂಡಿತ. ಹಳದಿಗೆ ಅರಸಿನ ಬೇಡ, ಸುಣ್ಣ ತಾಗಿದೊಡನೆ ಕೆಂಪಾಗಿ ಆಮೇಲೆ ಬಿಸಿಲಿಗೆ ಮಾಸುತ್ತದೆ. ಹಳದಿ ಜೇಡಿಮಣ್ಣು ಹುಡುಕಿ. (ಬೇಕಲ ಕೋಟೆಯೂ ಮುರಕಲ್ಲಿನದೇ, ಆದರೆ ಸಂರಕ್ಷಿತ ಸ್ಮಾರಕ, ಅಲ್ಲಿ ಕೈ ಹಾಕಬೇಡಿ.) ಕೆಲಸ ಮಳೆ ನಿಂತ ಮೇಲೆ, ಡಿಸೆಂಬರ್ ನಂತರ ಇಟ್ಟುಕೊಳ್ಳಿ.