ಮಾರ್ಕ್ ಮಾರ್ಟಿನ್ ಒಮ್ಮೆಯೂ ಚಾಂಪಿಯನ್ ಆಗಲಿಲ್ಲ. ಆದರೂ ಅವರನ್ನು ದೊಡ್ಡ ಡ್ರೈವರ್ ಅನ್ನುವುದು ಯಾಕೆ?

ಪಟ್ಟಿ ಮಾತ್ರ ನೋಡಿದರೆ ನಿಮ್ಮ ಅನುಮಾನ ಸರಿಯೇ. ಅಮೆರಿಕದ ಸ್ಟಾಕ್ ಕಾರ್ ರೇಸ್‌ಗಳ ಅತಿ ಮೇಲಿನ ಹಂತವಾದ ನಾಸ್ಕಾರ್ ಕಪ್ ಸರಣಿಯಲ್ಲಿ ಮಾರ್ಟಿನ್ ಐದು ವರ್ಷ ಎರಡನೇ ಸ್ಥಾನದಲ್ಲೇ ಉಳಿದರು: 1990, 1994, 1998, 2002, 2009. ಆದರೆ ಮೊದಲ ಮತ್ತು ಕೊನೆಯ ವರ್ಷಗಳ ನಡುವಿನ ಅಂತರ ನೋಡಿ. ಹತ್ತೊಂಬತ್ತು ವರ್ಷ! ಅಷ್ಟು ಕಾಲ ಪ್ರಶಸ್ತಿಯ ಹತ್ತಿರ ಇದ್ದವರು ತುಂಬಾ ಕಡಿಮೆ.

ಈ ಆಟ ನೋಡದವರಿಗೆ ಒಂದು ಮಾತು. ಸ್ಟಾಕ್ ಕಾರ್ ಅಂದರೆ ಸುಮಾರು ಒಂದೂವರೆ ಟನ್ ತೂಕದ ಗಾಡಿ. ದೊಡ್ಡ ರೇಸ್ 500 ಮೈಲಿ, ಅಂದರೆ 800 ಕಿಲೋಮೀಟರ್. ಮೂರ್ನಾಲ್ಕು ಗಂಟೆ ಕುದಿಯುವ ಸೆಖೆಯಲ್ಲಿ, ಹೆಚ್ಚಾಗಿ ಎಡಕ್ಕೇ ತಿರುಗುತ್ತಾ, ಪಕ್ಕದ ಕಾರಿಗೆ ತಾಗುವಷ್ಟು ಹತ್ತಿರ ಓಡಿಸಬೇಕು. ಸುಮ್ನೆ ಆಕ್ಸಿಲರೇಟರ್ ಒತ್ತಿದರೆ ಆಗುವುದಿಲ್ಲ. ಟೈರ್ ಉಳಿಸಿಕೊಳ್ಳಬೇಕು, ತಾಳ್ಮೆ ಬೇಕು. ಹಾಗಾಗಿ ಇಲ್ಲಿ ಅನುಭವಕ್ಕೆ ಬೆಲೆ ಜಾಸ್ತಿ. ಮಾರ್ಟಿನ್ ಅದರ ಜೊತೆಗೆ ದೇಹವನ್ನೂ ನೋಡಿಕೊಂಡರು. ರೇಸ್ ಡ್ರೈವರ್‌ಗಳು ಜಿಮ್ ಕಡೆ ತಲೆ ಹಾಕದಿದ್ದ ಕಾಲದಲ್ಲೇ ಅವರು ತಪ್ಪದೆ ಭಾರ ಎತ್ತುತ್ತಿದ್ದರು.

ಅರ್ಕಾನ್ಸಾಸ್‌ನ ಬೇಟ್ಸ್‌ವಿಲ್‌ನಲ್ಲಿ 1959ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಎಎಸ್‌ಎ ಎಂಬ ಕೆಳಹಂತದ ಸರಣಿಯನ್ನು 1978ರಿಂದ ಸತತ ಮೂರು ಸಲ ಗೆದ್ದರು. 1982ರಲ್ಲಿ ಸ್ವಂತ ತಂಡದೊಂದಿಗೆ ಕಪ್ ಸರಣಿಯಲ್ಲಿ ಪೂರ್ತಿ ವರ್ಷ ಓಡಿದರು. ದುಡ್ಡು ಕರಗಿತು, ಸಾಮಾನೆಲ್ಲ ಹರಾಜಾಯಿತು. ಬೇರೆಯವರ ಕಾರು ಓಡಿಸಲು ಹೋದರೆ ಅದೂ ಕೈಬಿಟ್ಟಿತು. ತಾನು ಗೆದ್ದು ದಾಟಿ ಬಂದಿದ್ದ ಎಎಸ್‌ಎಗೇ ಮರಳಿ ಹೋಗಿ, 1986ರಲ್ಲಿ ನಾಲ್ಕನೇ ಸಲ ಅದನ್ನು ಗೆದ್ದರು. ಜ್ಯಾಕ್ ರೌಶ್ 1988ರಲ್ಲಿ ತಮ್ಮ ಹೊಸ ಕಪ್ ತಂಡಕ್ಕೆ ಕರೆದರು. ಮರುವರ್ಷ ರಾಕಿಂಗ್‌ಹ್ಯಾಮ್‌ನಲ್ಲಿ ಮೊದಲ ಕಪ್ ಗೆಲುವು ಬಂತು. ಬಿದ್ದ ಮೇಲೆ ಹಿಂದಿನ ಮೆಟ್ಟಿಲಿಗೆ ಇಳಿದು ಮತ್ತೆ ಹತ್ತುವುದು ಎಷ್ಟು ಜನಕ್ಕೆ ಸಾಧ್ಯ ಹೇಳಿ?

1990ರ ಕಥೆ ನನಗೆ ಈಗಲೂ ಹೊಟ್ಟೆ ಉರಿಸುತ್ತದೆ. ವರ್ಷದ ಎರಡನೇ ರೇಸ್, ರಿಚ್ಮಂಡ್‌ನಲ್ಲಿ, ಮಾರ್ಟಿನ್ ಗೆದ್ದರು. ತಪಾಸಣೆಯಲ್ಲಿ ಎಂಜಿನ್‌ನ ಕಾರ್ಬ್ಯುರೇಟರ್ ಕೆಳಗೆ ಅಂತರಕ್ಕೆಂದು ಇಡುವ ಸ್ಪೇಸರ್‌ನ ಎತ್ತರ ಜಾಸ್ತಿ ಇದೆ ಅಂತ ಕಂಡಿತು. ಅದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ವೆಲ್ಡ್ ಮಾಡಿದ್ದರೆ ತಕರಾರೇ ಇರುತ್ತಿರಲಿಲ್ಲ. ಗೆಲುವು ಉಳಿಯಿತು, 46 ಪಾಯಿಂಟ್ ಹೋಯಿತು. ವರ್ಷದ ಕೊನೆಗೆ ಡೇಲ್ ಅರ್ನ್‌ಹಾರ್ಟ್ ಚಾಂಪಿಯನ್ ಆದದ್ದು 26 ಪಾಯಿಂಟ್ ಅಂತರದಲ್ಲಿ. ಲೆಕ್ಕ ನೀವೇ ಹಾಕಿ. 2002ರಲ್ಲೂ ಒಂದು ಸ್ಪ್ರಿಂಗ್ ವಿಷಯಕ್ಕೆ 25 ಪಾಯಿಂಟ್ ಕಳೆದುಕೊಂಡರು, ಆದರೆ ಆ ವರ್ಷ ಚಾಂಪಿಯನ್ ಆದ ಟೋನಿ ಸ್ಟೀವರ್ಟ್ ಅದಕ್ಕಿಂತ ಜಾಸ್ತಿಯೇ ಮುಂದಿದ್ದರು.

1998ರ ಆಗಸ್ಟ್‌ನಲ್ಲಿ ಅವರ ತಂದೆ, ಮಲತಾಯಿ, ತಂಗಿ ಮೂವರೂ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ತಿಂಗಳು ಬ್ರಿಸ್ಟಲ್‌ನಲ್ಲಿ ಮಾರ್ಟಿನ್ ಗೆದ್ದರು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

2007ರ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಮಾರ್ಟಿನ್ ಮುಂದಿದ್ದರು. ಹೊರಗಿನಿಂದ ನುಗ್ಗಿ ಬಂದ ಕೆವಿನ್ ಹಾರ್ವಿಕ್ 0.02 ಸೆಕೆಂಡ್‌ನಲ್ಲಿ ಗೆದ್ದರು. ಹಿಂದೆ ಕಾರುಗಳು ಒಂದಕ್ಕೊಂದು ಗುದ್ದಿಕೊಂಡಿದ್ದರೂ ಎಲ್ಲರೂ ಇದ್ದ ಸ್ಥಾನದಲ್ಲೇ ನಿಧಾನವಾಗಿ ಅಂತ ಹೇಳುವ ಹಳದಿ ಬಾವುಟ ತಕ್ಷಣ ಬರಲಿಲ್ಲ. ಬಂದಿದ್ದರೆ ಫಲಿತಾಂಶವೇ ಬದಲಾಗಬಹುದಿತ್ತು. ಮಾರ್ಟಿನ್ ಯಾರ ಮೇಲೂ ಕೂಗಾಡಲಿಲ್ಲ. ಅದೂ ಸೇರಿ ವರ್ಷದ ಮೊದಲ ನಾಲ್ಕು ರೇಸ್ ಮುಗಿದಾಗ ಪಾಯಿಂಟ್ ಪಟ್ಟಿಯಲ್ಲಿ ಅವರೇ ಮೊದಲು. ಆದರೂ ಆ ವರ್ಷ ಎಲ್ಲ ರೇಸ್ ಓಡುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದರಿಂದ, ಐದನೆಯದಕ್ಕೆ ಕಾರು ಹತ್ತಲಿಲ್ಲ.

2009ರಲ್ಲಿ ಐವತ್ತು ವಯಸ್ಸಿನ ಮಾರ್ಟಿನ್ ಹೆಂಡ್ರಿಕ್ ತಂಡ ಸೇರಿ ಮತ್ತೆ ಪೂರ್ತಿ ವರ್ಷ ಓಡಿದರು. ಏಪ್ರಿಲ್‌ನಲ್ಲಿ ಫೀನಿಕ್ಸ್‌ನಲ್ಲಿ ಗೆದ್ದಾಗ, ಕಾರನ್ನು ಉಲ್ಟಾ ದಿಕ್ಕಿಗೆ ತಿರುಗಿಸಿ ಸುತ್ತು ಹಾಕಿದರು. ಅದು ಎಎಸ್‌ಎ ಕಾಲದ ಗೆಳೆಯ ಅಲನ್ ಕುಲ್ವಿಕಿ ಅವರ ಗೆಲುವಿನ ಸುತ್ತು. ಕುಲ್ವಿಕಿ ಮೊದಲ ಸಲ ಅದನ್ನು ಹಾಕಿದ್ದು 1988ರಲ್ಲಿ, ಇದೇ ಟ್ರ್ಯಾಕ್‌ನಲ್ಲಿ. 1993ರಲ್ಲಿ ಅವರು ತೀರಿಹೋಗಿದ್ದರು. 2009ರಲ್ಲಿ ಮಾರ್ಟಿನ್ ಒಟ್ಟು ಐದು ರೇಸ್ ಗೆದ್ದರು. ಪ್ರಶಸ್ತಿ ಮಾತ್ರ ಅದೇ ತಂಡದ ಜಿಮ್ಮಿ ಜಾನ್ಸನ್‌ಗೆ ಹೋಯಿತು, ಅದೂ ಸತತ ನಾಲ್ಕನೇ ಸಲ. ಮಾರ್ಟಿನ್ 2013ರವರೆಗೆ ಓಡಿಸಿದರು: 882 ಕಪ್ ರೇಸ್, 40 ಗೆಲುವು. 2017ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿದರು.