ಬೇಹುಗಾರಿಕೆಯೂ ಇಲ್ಲ, ಕೊಲೆಯೂ ಇಲ್ಲ, ಆದರೂ ಥ್ರಿಲ್ಲರ್?

'ಮಾರ್ಜಿನ್ ಕಾಲ್' ಸಿನಿಮಾ ತುಂಬ ಬರೀ ಮಾತೇ, ವಿಮರ್ಶಕರು ಯಾಕೆ ಅಷ್ಟು ಮೆಚ್ಚಿದ್ರು ಅಂತ ಕೇಳಿದ್ದೀರಿ. ಮಾತೇ ಅನ್ನೋದು ನಿಜ. ಆದ್ರೆ ಅವರಿಗೆ ಹಿಡಿಸಿದ್ದೂ ಅದೇ. 2008ರ ಹಣಕಾಸು ಕುಸಿತದ ಹೊತ್ತಿನ ಒಂದು ನ್ಯೂಯಾರ್ಕ್ ಬ್ಯಾಂಕು, ಹೆಚ್ಚುಕಡಿಮೆ ಒಂದೇ ರಾತ್ರಿಯ ಕಥೆ. ಯಾರನ್ನೂ ಪೂರಾ ಖಳನಾಯಕ ಮಾಡಿಲ್ಲ.

ಜೆರೆಮಿ ಐರನ್ಸ್ ಬರೋ ಮೀಟಿಂಗ್ ಇನ್ನೊಮ್ಮೆ ನೋಡಿ. ಕಂಪನಿಯ ದೊಡ್ಡ ಯಜಮಾನ, ಚಿಕ್ಕ ಮಗುವಿಗೋ ನಾಯಿಗೋ ಹೇಳೋ ಹಾಗೆ ಬಿಡಿಸಿ ಹೇಳು ಅಂತಾನೆ. ಬ್ಯಾಂಕಿನ ಹೂಡಿಕೆಗಳು ಬೆಲೆ ಕಳ್ಕೊಳ್ಳಲಿವೆ ಅನ್ನೋ ಲೆಕ್ಕ ಅರ್ಥವಾದ ಮೇಲೆ, ಕೈಲಿರೋ ಆ ಕೊಳೆತ ಮಾಲನ್ನ ಬೆಳಗಾದ್ರೆ ಗಿರಾಕಿಗಳ ತಲೆಗೆ ಕಟ್ಟೋದು ಅಂತ ತೀರ್ಮಾನ. ದನಿ ಏರಿಸದೆ! ನನಗಂತೂ ಯಾವ ಚೇಸ್ ದೃಶ್ಯಕ್ಕಿಂತಲೂ ಅದು ಹೆಚ್ಚು ಭಯ ಹುಟ್ಟಿಸಿತು.

ನಿರ್ದೇಶಕ ಜೆ. ಸಿ. ಚಾಂಡರ್‌ಗೆ ಇದು ಮೊದಲ ಚಿತ್ರ. ಅವರ ಅಪ್ಪ ಮೆರಿಲ್ ಲಿಂಚ್ ಅನ್ನೋ ದೊಡ್ಡ ಹೂಡಿಕೆ ಬ್ಯಾಂಕಿನಲ್ಲಿ ದುಡಿದವರು, ಆಫೀಸಿನ ಮಾತಿನ ಧಾಟಿ ಅಷ್ಟು ಸಹಜವಾಗಿರೋದಕ್ಕೆ ಅದೂ ಕಾರಣ ಇರಬಹುದು. ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಡೆಮಿ ಮೂರ್ ಪಾತ್ರ ಮಾತ್ರ ಅರೆಬೆಂದಿದೆ, ಆ ದೂರು ನನ್ನದೂ ಹೌದು.